ಮೂರನೇ ಗೇರು ಬೀಳದ ಇಳಿಜಾರು

ಫೆಬ್ರವರಿ ೪

ಮಗಳ ಬಸ್ ಡಿಪೋದಲ್ಲಿ ಸ್ಪ್ಯಾನರು ಹಿಡಿದ ಮಹಾಜನಗಳೇ! ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಲೋಕದ ಗುಟ್ಟು ಕಂಡ ಜ್ಞಾನಿಗಳೇ! ಗ್ರೀಸು ಕೈಯಲ್ಲೇ ಚಹಾದ ಲೋಟ ಹಿಡಿದು ಟೈರುಗಳ ಮೇಲೆ ಆಸೀನರಾಗಿರುವ ಸಭಿಕರೇ! ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ಕೇಳಿಸದಿದ್ದರೆ ಮಗಳೇ, ಮತ್ತೆ ಮೊದಲಿನಿಂದ ಓದು, ಹೊಟ್ಟೆಯಿಂದ ದನಿ ತೆಗೆದು ಓದು. ನಿನ್ನಪ್ಪ ಮೈಕಿಲ್ಲದ ಕಾಲದಲ್ಲಿ ರಾಜನ ಪಾತ್ರ ಮಾಡಿದವನು. ಅವನ ಕಾಗದವನ್ನು ಪಿಸುಗುಟ್ಟಿ ಓದಿದರೆ ಪಾಪ ಸುತ್ತಿಕೊಳ್ಳುತ್ತದೆ.

ಏಳಲಿ ಪರದೆ! ಗುಡ್ಡದ ನೆತ್ತಿಯಲ್ಲಿ ಆಸ್ಪತ್ರೆ, ಬುಡದಲ್ಲಿ ಲಾಂಡ್ರಿ, ನಡುವೆ ಇಳಿಜಾರು. ಆ ಇಳಿಜಾರಿನಲ್ಲಿ ಕೊಳೆ ಬಟ್ಟೆಯ ಮೂಟೆ ಇಳಿಸಿ, ಒಗೆದ ಬಟ್ಟೆ ಏರಿಸುವ ಒಂದು ವ್ಯಾನು, ಅದರ ಸಾರಥಿ ನಾನು. ಹೋದ ತಿಂಗಳು ವ್ಯಾನಿನ ಎಂಜಿನ್ ಬಿರುಕು ಬಿಟ್ಟಿತು. ಎಣ್ಣೆಯೂ ನೀರೂ ಒಂದಾದವು, ಅದರ ಕಥೆ ಅಲ್ಲಿಗೆ ಮುಗಿಯಿತು. ನಾನೂ ವ್ಯಾನ್ ಸ್ಟ್ಯಾಂಡಿನ ಮುಖಂಡ, ಎಲ್ಲರೂ ಮೀಸೆ ಎಂದು ಕರೆಯುವವನೂ ಸರಪಳಿ ಕಟ್ಟಿ ಅದನ್ನು ಇಳಿಸಿ, ಅದೇ ಜಾತಿಯ ಇನ್ನೊಂದು ಎಂಜಿನನ್ನು ಕೂರಿಸಿದೆವು. ಗೇರ್ ಬಾಕ್ಸು ಮಾತ್ರ ನನ್ನ ಹಳೆಯದೇ, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಆಡುತ್ತಿದ್ದದ್ದು.

ಈಗ ಕೇಳಿ ಅದರ ಅವಸ್ಥೆ. ರಿವರ್ಸಿಗೆ ಹಾಕಿದರೆ ಮುದಿ ನಾಯಿಯ ಹಾಗೆ ಗುರ್ರೆನ್ನುತ್ತದೆ. ಫಸ್ಟು ನಾಲ್ಕು ಸಲ ಓಲೈಸಿದ ಮೇಲೆ ಬೀಳುತ್ತದೆ. ಅದೂ ಇರಲಿ. ಇಳಿಜಾರಿನಲ್ಲಿ, ಗೋಡೆಯ ತಿರುವಿಗೆ ಸ್ವಲ್ಪ ಮುಂಚೆ, ನಾಲ್ಕರಿಂದ ಮೂರಕ್ಕೆ ಎಳೆದರೆ ಬೀಳುವುದೇ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ಸಿಕ್ಕಿಕೊಂಡರೆ ಕೈಗೆ ಗೊತ್ತಾಗುತ್ತದೆ. ಇದು ಹಾಗಲ್ಲ. ಗೇರ್ ರಾಡಿನ ಆಚೆ ತುದಿಯಲ್ಲಿ ಯಾರೋ ಅಂಗೈ ಒಡ್ಡಿ "ತಾಳು" ಅಂದ ಹಾಗೆ.

ಹಾಗಾಗಿ ಸಭೆ ತೀರ್ಮಾನಿಸಲಿ: ರೋಗ ಯಾವುದು, ಮದ್ದು ಯಾವುದು? ಮೀಸೆ ಗೇರ್ ಬಾಕ್ಸು ಬಿಚ್ಚಬೇಕೆನ್ನುತ್ತಾನೆ. ನನಗೆ ಅವನ ಕೈಗಿಂತ ನಿನ್ನ ಕಾಗದದ ಮೇಲೆ ನಂಬಿಕೆ.

ಇಂತು ಸಮಸ್ತರ ವಿಧೇಯ,
ನಿನ್ನ ಅಪ್ಪ


ಫೆಬ್ರವರಿ ೧೩

ಅಪ್ಪ,

ಚಹಾದ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿದೆ. ಎರಡು ಸಲ ಚಪ್ಪಾಳೆ ಬಿತ್ತು. ನಮ್ಮ ಮೇಸ್ತ್ರಿ, "ನಿಮ್ಮಪ್ಪನ್ನ ಇಲ್ಲಿಗೆ ಕರ್ಸಮ್ಮ, ಹಾರನ್ ಕೆಟ್ಟಿರೋ ಬಸ್ಸಿಗೆ ಕಟ್ಟೋಣ" ಅಂದರು.

ಈಗ ಕೆಲಸದ ಮಾತು. ಗೇರ್ ಬಾಕ್ಸನ್ನು ಮೀಸೆಯ ಕೈಗೆ ಕೊಡಬೇಡಿ. ಮೊದಲು ಎಂಜಿನ್ ಆಫ್ ಮಾಡಿ, ನಿಂತಲ್ಲೇ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಗೇರ್ ಬಾಕ್ಸು ನಿರಪರಾಧಿ. ಕ್ಲಚ್ಚು ತುಳಿದಾಗ ಅದು ಎಂಜಿನನ್ನು ಪೂರ್ತಿ ಬಿಡುತ್ತಿಲ್ಲ, ಅರೆಬರೆ ಹಿಡಿದುಕೊಂಡೇ ಇದೆ ಅಂತ ಅರ್ಥ. ಕ್ಲಚ್ಚಿನ ಎಣ್ಣೆ ಬದಲಿಸಿ, ಪೈಪಿನಲ್ಲಿ ಗಾಳಿ ಇದ್ದರೆ ತೆಗೆಸಿ. ಎಂಜಿನ್ ಕೂರಿಸುವಾಗ ಕ್ಲಚ್ಚಿನ ಪ್ಲೇಟು ತಿರುಗುಮುರುಗು ಹಾಕಿಲ್ಲ ತಾನೆ?

ಇನ್ನೆರಡು ಪ್ರಶ್ನೆ. ಓಡಿಸುವಾಗ ನಿಮ್ಮ ಎಡಗಾಲು ಎಲ್ಲಿರುತ್ತದೆ? ಮತ್ತೆ, ಈ ಎಂಜಿನ್ ಎಲ್ಲಿಯದು? ಮೇಸ್ತ್ರಿ ಹೇಳುವುದುಂಟು: ಎಂಜಿನ್ ಬದಲಾದ ಮೇಲೆ ಕಾಯಿಲೆ ಬಂದರೆ ಗಾಡಿಯನ್ನು ಕೇಳಬೇಡ, ಎಂಜಿನ್ನಿನ ಮನೆತನ ವಿಚಾರಿಸು.

ಆ ತಿರುವಿನಲ್ಲಿ ನಿಧಾನ, ಅಪ್ಪ.

ನಿಮ್ಮ
ಪುಟ್ಟಿ


ಮಾರ್ಚ್ ೨

ಮಹಾಜನಗಳೇ, ಮೇಸ್ತ್ರಿ ಮಹಾಶಯರೇ! ಹಾರನ್ನಿನ ಹುದ್ದೆಗೆ ನಾನು ಸಿದ್ಧ. ಆದರೆ ಅರಿಕೆ ಮಾಡಿಕೊಳ್ಳುತ್ತೇನೆ, ಒಮ್ಮೆ ಒತ್ತಿದರೆ ನಿಲ್ಲುವ ಹಾರನ್ ನಾನಲ್ಲ.

ಹೇಳಿದ್ದನ್ನೆಲ್ಲ ಮಾಡಿದೆ. ಎಂಜಿನ್ ಆಫ್ ಇದ್ದಾಗ ಗೇರುಗಳು ಒಂದಾದ ಮೇಲೊಂದು ಅರಮನೆಯ ದಾಸಿಯರ ಹಾಗೆ ಬಂದು ನಿಲ್ಲುತ್ತವೆ. ಚಾಲೂ ಮಾಡಿದೆನೋ, ಮತ್ತೆ ಮುನಿಸು. ಎಣ್ಣೆ ಹೊಸದು, ಗಾಳಿ ತೆಗೆದಾಯಿತು. ಎಂಜಿನ್ ಇಳಿಸಿ ಪ್ಲೇಟೂ ನೋಡಿದೆವು, ಸರಿಯಾಗಿಯೇ ಕೂತಿದೆ. ಮೀಸೆ ತಲೆ ಕೆರೆದುಕೊಂಡು, "ದೊರೆಗಳೇ, ಇದಕ್ಕೆ ಮೆಕ್ಯಾನಿಕ್ ಅಲ್ಲ, ಮಂತ್ರ ಹಾಕೋರು ಬೇಕು" ಅಂದ.

ಎಡಗಾಲು ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ನಕ್ಕೆ. ನಿನಗೂ ನಿನ್ನ ಅಣ್ಣನಿಗೂ ಸ್ಟೀರಿಂಗು ಹಿಡಿಸಿದ ದಿನವೇ ಹೇಳಿರಲಿಲ್ಲವೇ? ಪರದೆಯ ಮರೆಯಲ್ಲಿ ನಿಂತ ನಟ ಒಂದು ಕಾಲು ಎತ್ತಿಕೊಂಡೇ ನಿಲ್ಲಬೇಕು. ಎದುರಿನವನ ಮಾತು ಮುಗಿಯುವಷ್ಟರಲ್ಲಿ ರಂಗದ ಮೇಲಿರಬೇಕು. ಹಾಗೇ ಡ್ರೈವರನ ಎಡಗಾಲು ಸದಾ ಕ್ಲಚ್ಚಿನ ಮೇಲೆ, ಸನ್ನದ್ಧ!

ಎಂಜಿನ್ನಿನ ಮನೆತನ ಕೇಳಿದ್ದೀಯ. ಒಳ್ಳೆಯ ಮನೆತನ. ಅಷ್ಟು ಸಾಕು.

ಇನ್ನೊಂದು ಸಂಗತಿ. ಇದನ್ನು ಓದುವಾಗ ದನಿ ತಗ್ಗಿಸಿದರೂ ನಡೆಯುತ್ತದೆ. ನಿನ್ನೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು ಒಳಗೆ ಕೂತೆ. ಚಳಿ ಇತ್ತು, ಸೀಟು ತಣ್ಣಗಿತ್ತು, ಸ್ಟೀರಿಂಗು ಮಂಜುಗಡ್ಡೆ. ಗೇರ್ ರಾಡಿನ ಗುಂಡು ಮಾತ್ರ ಬೆಚ್ಚಗಿತ್ತು. ಆಗಷ್ಟೇ ಕೈ ತೆಗೆದ ಹಾಗೆ. ನಾನಿನ್ನೂ ಎಂಜಿನ್ ಚಾಲೂ ಮಾಡಿರಲಿಲ್ಲ.

ನಿನ್ನ
ಅಪ್ಪ


ಮಾರ್ಚ್ ೯

ಪುಟ್ಟಿ,

ನಾನು ಕಾಗದ ಬರೆಯುವವಳಲ್ಲ, ನಿಮಗೆ ಗೊತ್ತು. ಇಡೀ ದಿನ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತು ಬಂದರೆ ಪೆನ್ನು ಹಿಡಿಯಲು ಬೆರಳು ಬಗ್ಗುವುದಿಲ್ಲ. ಆದರೆ ಮಾವ ನಿಮಗೆ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ.

ಅದು ನಿಮ್ಮ ಅಣ್ಣನ ಎಂಜಿನ್.

ಗೋಡೆಗೆ ಗುದ್ದಿದಾಗ ಅವರ ವ್ಯಾನು ನಜ್ಜುಗುಜ್ಜಾದರೂ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಗುಜರಿಗೆ ಹಾಕಿ ಅಂತ ನೀವು ಅವತ್ತೇ ಹೇಳಿದ್ದಿರಿ. ಮಾವ ಟಾರ್ಪಾಲು ಮುಚ್ಚಿ ಶೆಡ್ಡಿನ ಹಿಂದೆ ಇಟ್ಟಿದ್ದರು. ಮೂರನೇ ಗೇರು ಬೀಳದಿರುವುದು ಯಾವ ಜಾಗದಲ್ಲಿ ಅಂತ ಅವರು ಬರೆದಿರಬೇಕು. ಅದೇ ಜಾಗ, ಪುಟ್ಟಿ.

ಸ್ಟ್ಯಾಂಡಿನವರು ಈಗಲೂ ನಿಮ್ಮ ಅಣ್ಣನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ನ್ಯೂಟ್ರಲ್" ಅನ್ನುತ್ತಾರೆ. ಅಪಘಾತವಾದ ಮೇಲೆ ನೋಡಿದಾಗ ರಾಡು ನ್ಯೂಟ್ರಲ್‌ನಲ್ಲಿತ್ತಲ್ಲ, ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಹಾಗೇ ಬಿಟ್ಟು ತಾನೂ ಸತ್ತ, ಆಸ್ಪತ್ರೆಯ ಕಾವಲುಗಾರನನ್ನೂ ಕುಂಟನನ್ನಾಗಿ ಮಾಡಿದ ಅಂತ. ಮೊನ್ನೆ ನೀರಿನ ನಲ್ಲಿಯ ಹತ್ತಿರ ಮೀಸೆ ಯಾರಿಗೋ ದಾರಿ ಹೇಳುತ್ತಿದ್ದ. "ಆ ನ್ಯೂಟ್ರಲ್ ಹೆಂಡ್ತಿ ಮನೆ ಇದ್ಯಲ್ಲ, ಅದ್ರ ಪಕ್ಕ." ನನ್ನನ್ನು ನೋಡಿದ ಮೇಲೂ ಮಾತು ನಿಲ್ಲಿಸಲಿಲ್ಲ.

ಮಾವ ಶೆಡ್ಡಿನಲ್ಲಿ ಮಾತಾಡುತ್ತಾರೆ. ಪಾತ್ರದ ಮಾತಲ್ಲ, ಅದು ನನಗೆ ಅಭ್ಯಾಸವಿದೆ. ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಆಮೇಲೆ "ಹೂಂ, ಸರಿ" ಅನ್ನುತ್ತಾರೆ.

ನಿಮ್ಮ
ಅತ್ತಿಗೆ


ಮಾರ್ಚ್ ೧೭

ಅಪ್ಪ,

ನಿಮ್ಮ ಹಿಂದಿನ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿದೆ. "ಮುಂದೇನಾಯ್ತು?" ಅಂತ ಎಲ್ಲ ಕೇಳಿದರು. ಚಹಾ ಆರುತ್ತಿದೆ ಅಂದೆ.

ಅತ್ತಿಗೆ ಬರೆದಿದ್ದಾರೆ. ಅವರ ಮೇಲೆ ಕೂಗಾಡಬೇಡಿ.

ಬೈಯಲು ಕೂತಿದ್ದೆ. ಬೈಗುಳ ಬರಲಿಲ್ಲ, ಬೇರೊಂದು ಯೋಚನೆ ಬಂತು. ನಿಮ್ಮ ಗೇರ್ ಬಾಕ್ಸು ಮೊದಲು ಚೆನ್ನಾಗಿತ್ತು. ಅಣ್ಣನ ಗೇರ್ ಬಾಕ್ಸು ಬೇರೆಯದು, ಗೋಡೆಯಲ್ಲಿ ಪುಡಿಯಾಯಿತು. ಎರಡು ಗಾಡಿಗೂ ಸಮಾನವಾಗಿ ಬಂದದ್ದು ಒಂದೇ ವಸ್ತು. ನಾವೆಲ್ಲ ಗೇರು, ಕ್ಲಚ್ಚು ಅಂತ ಹುಡುಕುತ್ತಿದ್ದೇವೆ. ಕಾಯಿಲೆ ಎಂಜಿನ್ನಿನ ಜೊತೆಗೇ ಬಂದಿರಬಹುದು.

ಇದು ತಿಳಿಯುವ ತನಕ ವ್ಯಾನನ್ನು ರಸ್ತೆಗೆ ಇಳಿಸಬೇಡಿ. ನಿಮ್ಮನ್ನೂ ಅದೇ ಗೋಡೆಯ ಹತ್ತಿರ ಬಂದು ನೋಡುವ ಶಕ್ತಿ ನನಗಿಲ್ಲ.

ಹೀಗೆ ಮಾಡಿ. ಎಂಜಿನ್ ಆಫ್ ಇರಲಿ. ಅತ್ತಿಗೆ ಒಳಗೆ ಕೂತು ಕ್ಲಚ್ಚನ್ನು ತುಳಿದು ಬಿಡಲಿ. ನೀವು ಬಾನೆಟ್ ಎತ್ತಿ, ಎಂಜಿನ್ನಿನ ಮೂತಿಯಲ್ಲಿ ಬೆಲ್ಟು ಸುತ್ತಿಕೊಂಡಿರುವ ಪುಲ್ಲಿಯನ್ನು ನೋಡಿ. ಅದು ಕದಲಬಾರದು. ಕದಲಿದರೆ ಬರೆಯಿರಿ.

ಇದನ್ನು ಯಾರ ಮುಂದೆಯೂ ಓದುವುದಿಲ್ಲ. ನೀವೂ ಯಾರಿಗೋ ಬರೆದ ಹಾಗೆ ಬರೆಯಬೇಡಿ.

ಪುಟ್ಟಿ


ಏಪ್ರಿಲ್ ೧

ಮಗಳೇ,

ಇವತ್ತು ಸಭೆಯಿಲ್ಲ. ನೀನೊಬ್ಬಳೇ ಓದು.

ವ್ಯಾನು ಶೆಡ್ಡಿನಲ್ಲಿದೆ. ಲಾಂಡ್ರಿಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಸೊಸೆಯ ಮೇಲೆ ಕೂಗಾಡಿಲ್ಲ. ಅವಳು ಬರೆದದ್ದೇ ಒಳ್ಳೆಯದಾಯಿತು. ನನಗೆ ಆ ಮಾತು ಬರೆಯಲು ಕೈ ಏಳುತ್ತಿರಲಿಲ್ಲ.

ನೀನು ಹೇಳಿದ ಹಾಗೆ ಅವಳು ಒಳಗೆ ಕೂತಳು. ನಾನು ಬಾನೆಟ್ ಎತ್ತಿ ಬಗ್ಗಿದೆ. "ತುಳಿಯಮ್ಮ" ಅಂದೆ. ಟಕ್ ಅಂತ ಒಂದು ಸದ್ದು. ಪುಲ್ಲಿ ಮುಂದಕ್ಕೆ ಬಂತು. ಉಗುರಿನಷ್ಟು. ಬಿಟ್ಟಾಗ ಹಿಂದಕ್ಕೆ ಹೋಯಿತು. ಮತ್ತೆ ತುಳಿದಳು, ಮತ್ತೆ ಬಂತು. ಕರೆದಾಗ ಯಾರಾದರೂ ತಲೆಯಾಡಿಸುತ್ತಾರಲ್ಲ, ಹಾಗೆ.

ನಾನು ಮರುಳನಲ್ಲ. ಕಬ್ಬಿಣ ಕಬ್ಬಿಣವೇ ಅಂತ ಗೊತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಡೀಸೆಲ್ ಉಳ್ಸೋಕೆ ನ್ಯೂಟ್ರಲ್‌ಗೆ ಹಾಕಿದ್ಯೇನೋ, ದೊಡ್ಡೋನೇ?" ಅಂದೆ. ಪುಲ್ಲಿ ಕದಲಲಿಲ್ಲ. ಕಾದೆ. ಕದಲಲಿಲ್ಲ.

"ಮೂರಕ್ಕೆ ಹಾಕೋಕೆ ನೋಡಿದ್ಯಾ?"

ಟಕ್. ಮುಂದಕ್ಕೆ ಬಂತು.

"ಬೀಳ್ಲಿಲ್ವಾ?"

ಟಕ್.

ನನ್ನ ಕಣ್ಣು ತುಂಬಿ ಬಂತು. ಪೆಡಲಿನ ಮೇಲಿದ್ದ ಸೊಸೆಗೆ ಕಾಲು ನೋವು ಬಂದೀತೆಂದು, "ಸಾಕು ಬಿಡಮ್ಮ" ಅಂದೆ.

"ಏನು ಬಿಡ್ಲಿ ಮಾವ?" ಅಂದಳು.

ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ. ಅವಳು ನೀರಿನ ಚೊಂಬು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ನಾನು ಮೊದಲ ಪ್ರಶ್ನೆ ಕೇಳುವುದಕ್ಕೂ ಮುಂಚೆಯೇ ಇಳಿದು ಹೋಗಿದ್ದಳಂತೆ.

ಬಾನೆಟ್ ಹಾಕಿದೆ. ಒಳಗೆ ಯಾರಿದ್ದಾರೆಂದು ನೋಡಲಿಲ್ಲ. ರಂಗದ ಮೇಲೆ ಸಾವಿರ ಸಲ ಸತ್ತು ಎದ್ದವನು ನಾನು, ಆದರೂ ನೋಡಲಿಲ್ಲ.

ಈಗ ನೀನು ಹೇಳು, ಪುಲ್ಲಿ ಯಾಕೆ ಬರುತ್ತದೆ? ಎಂಜಿನ್ನಿನೊಳಗೆ ಸವೆದಿರುವುದು ಏನು, ಅದು ಸವೆಯುವುದು ಯಾತರಿಂದ?

ಅಪ್ಪ


ಏಪ್ರಿಲ್ ೧೦

ಅತ್ತಿಗೆ,

ಅಪ್ಪನಿಗೆ ಬೇರೆ ಕಾಗದ ಹಾಕಿದ್ದೇನೆ. ಇದು ನಿಮಗೆ ಮಾತ್ರ.

ಎಂಜಿನ್ನಿನೊಳಗೆ ಕ್ರ್ಯಾಂಕು ಅಂತ ಉದ್ದದ ದಂಡವಿದೆ. ಅದು ತಿರುಗಬೇಕು, ಆದರೆ ಹಿಂದೆ ಮುಂದೆ ಜರುಗಬಾರದು. ಜರುಗದ ಹಾಗೆ ಹಿಡಿದಿಡಲು ಅರ್ಧಚಂದ್ರದಂಥ ವಾಷರುಗಳಿರುತ್ತವೆ. ಅವು ಸವೆದರೆ, ಕ್ಲಚ್ಚು ತುಳಿದಾಗ ದಂಡವೇ ಮುಂದಕ್ಕೆ ಓಡಿಹೋಗುತ್ತದೆ. ಬಾಗಿಲು ತಳ್ಳಿದರೆ ಗೋಡೆಯೇ ಜರುಗಿದ ಹಾಗೆ. ಪೆಡಲು ನೆಲಕ್ಕೆ ಮುಟ್ಟಿದರೂ ಕ್ಲಚ್ಚು ಬಿಡುವುದಿಲ್ಲ, ಗೇರು ಬೀಳುವುದಿಲ್ಲ.

ಅಣ್ಣ ನ್ಯೂಟ್ರಲ್‌ಗೆ ಹಾಕಿರಲಿಲ್ಲ ಅತ್ತಿಗೆ. ನಾಲ್ಕರಿಂದ ತೆಗೆದಿದ್ದಾನೆ, ಮೂರಕ್ಕೆ ಬಿದ್ದಿಲ್ಲ. ನಡುವೆ ಉಳಿದುಬಿಟ್ಟ. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ತುಂಬಿದ ಗಾಡಿಯನ್ನು ಆ ಇಳಿಜಾರಿನಲ್ಲಿ ಬ್ರೇಕೊಂದೇ ಹಿಡಿಯಲಾರದು. ಇದನ್ನು ಸ್ಟ್ಯಾಂಡಿನವರಿಗೆ ತೋರಿಸಿ. ಹೇಳಬೇಡಿ, ತೋರಿಸಿ. ಪೆಡಲು ನೀವೇ ತುಳಿಯಿರಿ. ಆಮೇಲೆ ಎಂಜಿನ್ ಬಿಚ್ಚಿಸಿ. ಹೊಸ ವಾಷರುಗಳನ್ನು ನಮ್ಮ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತೇನೆ.

ಇನ್ನೊಂದು ವಿಷಯ. ಆ ವಾಷರು ಬೇಗ ಸವೆಯುವುದು ಯಾತರಿಂದ ಅಂತ ಅಪ್ಪ ಕೇಳಿದ್ದಾರೆ. ಓಡಿಸುವಾಗ ಕಾಲನ್ನು ಸದಾ ಕ್ಲಚ್ಚಿನ ಮೇಲಿಟ್ಟುಕೊಂಡರೆ ಸವೆಯುತ್ತದೆ. ಹಾಗೆ ಇಟ್ಟುಕೊಳ್ಳಲು ಅಣ್ಣನಿಗೆ ಕಲಿಸಿದ್ದು ಯಾರು ಅಂತ ನಿಮಗೆ ಗೊತ್ತು. ನನಗೂ ಹಾಗೇ ಕಲಿಸಿದ್ದರು. ನನ್ನ ಮೇಸ್ತ್ರಿ ಮೊದಲ ವಾರವೇ ಮೊಣಕಾಲಿಗೆ ಸ್ಪ್ಯಾನರಿನಿಂದ ಕುಟ್ಟಿ ಬಿಡಿಸಿದರು. ಅಣ್ಣನಿಗೆ ಕುಟ್ಟುವವರು ಯಾರೂ ಇರಲಿಲ್ಲ.

ಅಪ್ಪನಿಗೆ "ವಯಸ್ಸಾದರೆ ಸವೆಯುತ್ತದೆ" ಅಂತಷ್ಟೇ ಬರೆದಿದ್ದೇನೆ. ನೀವೂ ಅಷ್ಟೇ ಹೇಳಿ.

ಯಾರೂ ತುಳಿಯದೆ ಪುಲ್ಲಿ ಕದಲಿದ್ದಕ್ಕೆ ಕಾರಣವಿರಬಹುದು. ಶೆಡ್ಡಿನ ನೆಲ ಗಾಡಿಯ ಮೂತಿ ಇರುವ ಬಾಗಿಲ ಕಡೆಗೆ ವಾಲಿದ್ದರೆ ಸಡಿಲವಾದ ದಂಡ ತಾನಾಗಿ ಜಾರೀತು. ನೆಲಕ್ಕೆ ನೀರು ಚೆಲ್ಲಿ ನೋಡಿ ಅಂತ ಅಪ್ಪನಿಗೆ ಬರೆದಿದ್ದೇನೆ. ಆ ಕಡೆಗೇ ಹರಿಯಬೇಕು. ಹರಿಯಲಿ ಅಂತ ನನ್ನ ಆಸೆ.

ನಿಮ್ಮ
ಪುಟ್ಟಿ


ಮೇ ೨೧

ಮಹಾಜನಗಳೇ! ಬಹಳ ದಿನ ರಂಗ ಕತ್ತಲಾಗಿತ್ತು, ಕ್ಷಮೆಯಿರಲಿ. ಮಗಳೇ, ಇದರ ಮೊದಲ ಭಾಗವನ್ನು ಟೈರುಗಳ ಮೇಲೆ ಹತ್ತಿ ನಿಂತು ಓದು. ಕೊನೆಯದನ್ನು ಓದುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಸ್ಟ್ಯಾಂಡಿನವರನ್ನೆಲ್ಲ ಶೆಡ್ಡಿಗೆ ಕರೆದೆ. ಬಂದರು, ಬೀಡಿ ಸೇದುತ್ತಾ, ನಗುತ್ತಾ. ಮೀಸೆ ಎದೆಯುಬ್ಬಿಸಿ, "ಏನ್ ದೊರೆಗಳೇ, ಇವತ್ತು ಯಾವ ನಾಟಕ?" ಅಂದ.

"ಒಂದೇ ದೃಶ್ಯ, ಒಂದೇ ಪಾತ್ರ. ಬಗ್ಗಿ ನೋಡೋ" ಅಂದೆ.

ಸೊಸೆ ಲಾಂಡ್ರಿಯಿಂದ ನೇರವಾಗಿ ಬಂದವಳು, ಒಳಗೆ ಕೂತು ಕ್ಲಚ್ಚು ತುಳಿದಳು. ಟಕ್. ಪುಲ್ಲಿ ಮುಂದಕ್ಕೆ ಬಂತು. ಮೀಸೆ ನಗು ನಿಲ್ಲಿಸಿದ. ಬೆರಳಿಟ್ಟು ನೋಡಿದ. "ಇನ್ನೊಂದ್ಸಲ" ಅಂದ. ಅವಳು ತುಳಿದಳು. ಬೆರಳನ್ನು ಸುಟ್ಟುಕೊಂಡವನ ಹಾಗೆ ಹಿಂದಕ್ಕೆ ಎಳೆದುಕೊಂಡ.

"ಕ್ಲಚ್ ತುಳಿದ್ರೆ ಒಳಗಿನ ಕ್ರ್ಯಾಂಕೇ ಓಡ್ತಿದೆ. ಗೇರು ಹೇಗ್ ಬೀಳುತ್ತೆ..." ಎಂದು ತನ್ನಷ್ಟಕ್ಕೆ ಗೊಣಗಿದ.

"ಕೇಳಿಸ್ಲಿಲ್ಲ" ಅಂದಳು ಸೊಸೆ, ಸ್ಟೀರಿಂಗಿನ ಹಿಂದಿನಿಂದ.

"ಗೇರು ಬೀಳಲ್ಲ ಅಂದೆ ಕಣಮ್ಮ."

"ಯಾರಿಗೆ ಬೀಳ್ಲಿಲ್ಲ? ಗಟ್ಟಿಯಾಗಿ ಹೇಳಿ. ಅಲ್ಲಿ ಹಿಂದೆ ನಿಂತಿರೋರಿಗೂ ಕೇಳಿಸ್ಲಿ."

ಮಹಾಜನಗಳೇ, ನಲವತ್ತು ವರ್ಷ ರಂಗದ ಮೇಲಿದ್ದೆ, ಅಂಥ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಮೀಸೆ ಬೀಡಿ ಎಸೆದ. ಎಲ್ಲರ ಕಡೆ ತಿರುಗಿದ. ನನ್ನ ಮಗನ ನಿಜವಾದ ಹೆಸರು ಹಿಡಿದು ಹೇಳಿದ, ಅವನು ನ್ಯೂಟ್ರಲ್‌ಗೆ ಹಾಕಿರಲಿಲ್ಲ, ಗೇರು ಬಿದ್ದಿರಲಿಲ್ಲ ಎಂದು. ಸೊಸೆ ಪೆಡಲಿನಿಂದ ಕಾಲು ತೆಗೆದಳು. ಇಳಿದು ಯಾರನ್ನೂ ನೋಡದೆ ಮನೆಯೊಳಗೆ ಹೋದಳು. ಬಹಳ ಹೊತ್ತು ನಲ್ಲಿಯ ಸದ್ದು ಕೇಳಿಸುತ್ತಿತ್ತು.

ಎಂಜಿನನ್ನು ಮೀಸೆಯೇ ಬಿಚ್ಚಿದ, ಬೇರೆಯವರಿಗೆ ಸ್ಪ್ಯಾನರು ಮುಟ್ಟಗೊಡಲಿಲ್ಲ. ಒಂದು ವಾಷರು ಕಾಗದದಷ್ಟು ತೆಳ್ಳಗಾಗಿತ್ತು. ಇನ್ನೊಂದು ಎಣ್ಣೆಯ ತೊಟ್ಟಿಗೆ ಬಿದ್ದಿತ್ತು. ನಮ್ಮ ಪುಣ್ಯಕ್ಕೆ ಕ್ರ್ಯಾಂಕಿಗೆ ಗಾಯವಿರಲಿಲ್ಲ. ನೀನು ಕಳಿಸಿದ್ದನ್ನು ಕೂರಿಸಿದೆವು. ಈಗ ಎಷ್ಟು ತುಳಿದರೂ ಪುಲ್ಲಿ ಕದಲುವುದಿಲ್ಲ. ಸಪಾಟು ರಸ್ತೆಯಲ್ಲಿ ಓಡಿಸಿದೆ. ಮತ್ತೆ ಬೆಣ್ಣೆ. ರಿವರ್ಸು ಗುರುಗುಟ್ಟುವುದಿಲ್ಲ.

ಇಲ್ಲಿಗೆ ಮೊದಲ ಭಾಗ.

ನೆಲಕ್ಕೆ ನೀರು ಚೆಲ್ಲಿ ನೋಡು ಎಂದಿದ್ದೆಯಲ್ಲ. ಚೆಲ್ಲಿದೆ. ಬಾಗಿಲ ಕಡೆ ಹೋಗಲಿಲ್ಲ, ಹಿಂದಿನ ಗೋಡೆಯ ಕಡೆಗೆ ಹರಿಯಿತು. ಸೊಸೆ ನೋಡುವ ಮುಂಚೆ ಒರೆಸಿಬಿಟ್ಟೆ.

ವಾಷರು ಯಾತರಿಂದ ಸವೆಯುತ್ತದೆ ಎಂದು ಕೇಳಿದ್ದೆ. ನೀನು "ವಯಸ್ಸು" ಎಂದು ಬರೆದೆ. ಎಂಜಿನ್ನಿನ ವಿಷಯದಲ್ಲಿ ನಿನ್ನ ಉತ್ತರ ಇಷ್ಟು ಚಿಕ್ಕದಾಗಿದ್ದದ್ದು ನನಗೆ ನೆನಪಿಲ್ಲ. ಇನ್ನೊಮ್ಮೆ ಕೇಳುವುದಿಲ್ಲ, ಮಗಳೇ.

ಆದರೆ ಇದನ್ನು ಹೇಳಲೇಬೇಕು. ಸಪಾಟು ರಸ್ತೆಯಲ್ಲಿ ಓಡಿಸುವಾಗ ಅಭ್ಯಾಸ ಬಲದಿಂದ ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟೆ. ಯಾರೋ ನನ್ನ ಕಣಕಾಲನ್ನು ಹಿಡಿದರು. ಒರಟಾಗಿ ಅಲ್ಲ. ಮಲಗಿದ ಮಗುವಿನ ಕಾಲನ್ನು ಮಂಚದ ಅಂಚಿನಿಂದ ಒಳಗೆ ಸರಿಸುತ್ತೇವಲ್ಲ, ಹಾಗೆ ಎತ್ತಿ ಪಕ್ಕಕ್ಕೆ ಇಳಿಸಿದರು. ಇನ್ನೊಮ್ಮೆ ಇಟ್ಟೆ. ಇನ್ನೊಮ್ಮೆ ಇಳಿಸಿದರು. ಮೂರನೆಯ ಸಲ ನಾನು ಇಡಲಿಲ್ಲ.

ಇಳಿಜಾರಿಗೆ ಇನ್ನೂ ಹೋಗಿಲ್ಲ. ನಾಳೆ ಬೆಳಿಗ್ಗೆ ಹೋಗುತ್ತೇನೆ. ಮೂಟೆಯಿಲ್ಲದೆ, ಒಬ್ಬನೇ, ಆಸ್ಪತ್ರೆಯ ಗೇಟಿನಿಂದ ಇಳಿಯುತ್ತೇನೆ. ಹೆದರಬೇಡ, ಬ್ರೇಕು ಹೊಸದು, ಗಾಡಿ ಹಗುರ, ವೇಗ ಎತ್ತಿನ ಗಾಡಿಯದು. ಗೋಡೆಯ ತಿರುವಿಗೆ ಮುಂಚೆ ನಾಲ್ಕರಿಂದ ತೆಗೆದು ಮೂರಕ್ಕೆ ಎಳೆಯುತ್ತೇನೆ. ಬಿದ್ದರೆ, ಲಾಂಡ್ರಿಯ ಮುಂದೆ ನಿಲ್ಲಿಸಿ ಸೊಸೆಗೆ ಕೇಳುವ ಹಾಗೆ ಹಾರನ್ ಹೊಡೆಯುತ್ತೇನೆ. ಬೀಳದಿದ್ದರೆ, ಆ ಗೋಡೆಯ ಪಕ್ಕ ನಿಲ್ಲಿಸಿ, ಕೈಬ್ರೇಕು ಎಳೆದು, ಇಳಿದು ಸುತ್ತಿ ಬಂದು, ಆ ಕಡೆಯ ಬಾಗಿಲನ್ನು ತೆರೆದು ಹಿಡಿದು ನಿಲ್ಲುತ್ತೇನೆ, ಅವನು ಇಳಿಯುವ ತನಕ.

ಅಪ್ಪ